ಉಬರ್ ಮೀನು ಹಿಡಿಯಬೇಕಾ, ಬಿಡಬೇಕಾ?

ಪ್ರಶ್ನೆ: ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಉಬರ್ ಮೀನು ಹಿಡಿಯುವುದು ನಮ್ಮಲ್ಲಿ ಅಜ್ಜನ ಕಾಲದಿಂದಲೂ ಇದೆ. ಈಗ ಮಗಳು, ‘ಅಪ್ಪ, ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು, ಹಿಡೀಬೇಡಿ’ ಅನ್ನುತ್ತಾಳೆ. ಹಿರಿಯರ ಪದ್ಧತಿ ಬಿಡಬೇಕಾ?
– ಓದುಗರೊಬ್ಬರು, ಪಾವಂಜೆ

ಉತ್ತರ: ಮಗಳ ಮಾತು ಕೇಳಿ. ಮುಗುಡಿನಂಥ (ಮೀಸೆ ಇರುವ ಮೀನು) ಮೀನು ತೋಡು, ಅಂದರೆ ಸಣ್ಣ ಹಳ್ಳ, ಹತ್ತಿ ಬೈಲು ಗದ್ದೆಗೆ ಬರುವುದೇ ಮೊಟ್ಟೆ ಇಡಲಿಕ್ಕೆ. ಗದ್ದೆಯಲ್ಲಿ ಹೊಳೆಯ ಸೆಳೆತ ಇಲ್ಲ, ಮರಿಗಳಿಗೆ ತಿನ್ನಲು ಹುಳಹುಪ್ಪಟೆ ಬೇಕಾದಷ್ಟು. ಒಂದೊಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತದೆ. ಟಾರ್ಚ್ ಬೆಳಕು ಬಿಟ್ಟು ಕತ್ತಿಯಲ್ಲಿ ಕಡಿದರೆ ಅದೆಲ್ಲ ಅಲ್ಲಿಗೇ ಮುಗಿಯಿತು.

ಪದ್ಧತಿಯ ಮಾತಿಗೆ ಬರುತ್ತೇನೆ. ‘ಎರ್ಮಾಳು ಜಪ್ಪು, ಖಂಡೇವು ಅಡೆಪು’ ಎಂದು ತುಳುವಿನಲ್ಲಿ ನಾವೆಲ್ಲ ಹೇಳುತ್ತೇವೆ. ಎರ್ಮಾಳಿನಲ್ಲಿ ಶುರುವಾದ ಜಾತ್ರೆಗಳ ಸಾಲು ಮುಗಿಯುವುದು ನಿಮ್ಮ ಪಕ್ಕದ ಚೇಳಾಯರು ಖಂಡಿಗೆಯಲ್ಲಿ, ಮೇ ನಡುವಿನ ಸಂಕ್ರಮಣಕ್ಕೆ. ಅವತ್ತು ಊರಿಗೆ ಊರೇ ನಂದಿನಿ ಹೊಳೆಗೆ ಇಳಿದು ಮೀನು ಹಿಡಿಯುತ್ತದೆ. ಆದರೆ ದೈವಸ್ಥಾನದಲ್ಲಿ ಪ್ರಾರ್ಥನೆ ಆಗದೆ ಯಾರೂ ನೀರಿಗೆ ಕಾಲಿಡುವುದಿಲ್ಲ. ಅಲ್ಲಿಯವರೆಗೆ ಆ ಜಾಗದಲ್ಲಿ ಬಲೆ ಹಾಕಬಾರದೆಂಬ ಕಟ್ಟುಪಾಡೂ ಇದೆ. ದಿನ ಯಾವುದು ನೋಡಿ: ಮಳೆಗೆ ಮುಂಚೆ, ಮೀನು ಮೊಟ್ಟೆ ಇಡಲು ಹೊರಡುವ ಮುಂಚೆ. ಹಿಡಿಯುವುದು ಎಷ್ಟು ಹಳೆಯದೋ ಕಾಯುವುದೂ ಅಷ್ಟೇ ಹಳೆಯದು, ಅಲ್ವಾ? ನಾವು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿದ್ದೇವೆ. ನನಗೆ ಬೇಸರ ಆಗುವುದು ಅದಕ್ಕೇ.

ಹಾಗಂತ ಪೂರ್ತಿ ಬಿಡಿ ಅನ್ನುವುದಿಲ್ಲ. ಮೀನು ಏರುವ ಆ ಮೊದಲ ರಾತ್ರಿಗಳನ್ನು ಬಿಟ್ಟುಬಿಡಿ. ಮಳೆ ಕಡಿಮೆಯಾಗಿ ಗದ್ದೆಯ ನೀರು ಇಳಿಯುವಾಗ ಗಾಳ ಹಾಕಿ, ಮರಿ ಸಿಕ್ಕಿದರೆ ತೋಡಿಗೆ ಬಿಡಿ. ಕರೆಂಟು ಕೊಡುವುದು, ವಿಷ ಹಾಕುವುದು ಬೇಡವೇ ಬೇಡ. ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧವಾಗಿತ್ತು.

ಕತ್ತಿಗಿಂತ ಜಾಸ್ತಿ ಹಾನಿ ಮಾಡುತ್ತಿರುವುದು ಬೈಲಿಗೆ ತುಂಬುವ ಕೆಂಪು ಮಣ್ಣು. ಸೈಟಿಗೆಂದು ಗದ್ದೆ ಎತ್ತರಿಸಿದರೆ ಮೀನು ಏರುವುದಾದರೂ ಎಲ್ಲಿಗೆ? ನೆರೆ ನೀರು ನಿಲ್ಲುವ ಜಾಗವೂ ಅದೇ. ಮೀನಿನ ದಾರಿಗೆ ಅಡ್ಡ ಇರುವ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗೆ ಮುಂಚೆ ತೆಗೆಸಿ. ತೋಡಿಗೆ ಮೋರಿ ಹಾಕುವಾಗ ನೀವೇ ಹೋಗಿ ನಿಂತು ನೋಡಿ. ಪೈಪಿನ ತಳ ತೋಡಿನ ತಳಕ್ಕೆ ಸಮ ಇರಬೇಕು. ಮೇಲೆ ಕೂರಿಸಿದರೆ ಮೀನು ಹತ್ತುವುದಿಲ್ಲ.