ಆಪ್ತಸಲಹೆಯ ಕೋಣೆಯಿಂದ: ಬೆಟ್ಟದ ಬೇಸಿಗೆಯಿಂದ ಮರಳದ ತಂದೆ

"ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿದೆಯಾ, ನೋಡಿ ಹೇಳಿ." ಮಗಳು ಫೋನಿನಲ್ಲಿ ಮೊದಲು ಕೇಳಿದ್ದು ಇದನ್ನೇ. ತಾಯಿ ತೀರಿಕೊಂಡು ಏಳು ತಿಂಗಳಾಗಿತ್ತು. ಎಪ್ಪತ್ತೇಳರ ತಂದೆ ಬೆಳಗಿನ ಕಾಫಿಯಿಂದ ರಾತ್ರಿ ದೀಪ ಆರಿಸುವವರೆಗೂ ಆಡುತ್ತಿದ್ದದ್ದು ಒಂದೇ ಮಾತು: ಬೆಟ್ಟ, ಕೆರೆ, ಬಂಗಲೋ. ತಾಯಿಯ ಹೆಸರನ್ನು ಎತ್ತುತ್ತಲೇ ಇರಲಿಲ್ಲ. ಈಗ ಉಳಿತಾಯದ ದೊಡ್ಡ ಪಾಲು ಸುರಿದು ಆ ಬೆಟ್ಟದಲ್ಲಿ ಹಳೆಯದೊಂದು ಬಂಗಲೋ ಕೊಳ್ಳುತ್ತೇನೆಂದು ಹಟ ಹಿಡಿದಿದ್ದರು.

ನಾನು ನ್ಯೂಜೆರ್ಸಿಯಲ್ಲಿ ಹಿರಿಯರ ಆಪ್ತಸಲಹೆಗಾರ್ತಿ. ನನ್ನ ಬಳಿ ಬರುವವರಲ್ಲಿ ಯಹೂದಿ ಹಿರಿಯರು ಬಹಳ. ಈ ಪ್ರಕರಣವನ್ನು ಬರೆಯಲು ಆ ತಂದೆ ಒಪ್ಪಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಬಂಗಲೋ ಎಂದಾಕ್ಷಣ ನಮ್ಮ ಕಣ್ಣಿಗೆ ಸಾಹುಕಾರರ ಬಂಗಲೆ ಬರುತ್ತದೆ. ಇದು ಅದಲ್ಲ. ಒಂದು ಮಲಗುವ ಕೋಣೆ, ಒಂದು ಪುಟ್ಟ ಅಡುಗೆಮನೆ, ಮುಂದೆ ಸೊಳ್ಳೆಜಾಲರಿಯ ಜಗಲಿ, ಅಷ್ಟೇ. ನ್ಯೂಯಾರ್ಕ್ ನಗರದಿಂದ ಸುಮಾರು 90 ಮೈಲಿ ದೂರದ ಕ್ಯಾಟ್ಸ್‌ಕಿಲ್ ಬೆಟ್ಟಸೀಮೆಯಲ್ಲಿ, ಮಾಂಟಿಸೆಲೊ, ಲಿಬರ್ಟಿ, ಸೌತ್ ಫಾಲ್ಸ್‌ಬರ್ಗ್ ಊರುಗಳ ಸುತ್ತ, ಹುಲ್ಲುಹಾಸಿನ ಸುತ್ತ ಇಂಥ ಹತ್ತಿಪ್ಪತ್ತು ಮರದ ಮನೆಗಳ ಕಾಲೊನಿ ಕಟ್ಟಿ ಬೇಸಿಗೆಗೆ ಬಾಡಿಗೆಗೆ ಕೊಡುತ್ತಿದ್ದರು. ಅದಕ್ಕೂ ಅಗ್ಗದ್ದು 'ಕುಖಾಲೇನ್'. ಪೂರ್ವ ಯುರೋಪಿನ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ನಲ್ಲಿ 'ನೀನೇ ಬೇಯಿಸಿಕೋ' ಎಂದರ್ಥ. ಒಂದು ಕುಟುಂಬಕ್ಕೆ ಒಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಕಲ್ಲು ತುಂಬಿದ ಆ ನೆಲದಲ್ಲಿ ಬೇಸಾಯ ಕೈಗೆ ಹತ್ತದ ಯಹೂದಿ ರೈತರು ಬೇಸಿಗೆಯಲ್ಲಿ ಕೋಣೆ ಬಾಡಿಗೆ ಕೊಟ್ಟು ಬದುಕತೊಡಗಿದ್ದೇ ಇದರ ಮೊದಲು. ಬೇರೆ ವಿಹಾರಧಾಮಗಳು ಯಹೂದಿಗಳನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲ ಅದು. 1877ರಲ್ಲಿ ಸರಟೋಗಾದ ದೊಡ್ಡ ಹೋಟೆಲೊಂದು ಜೋಸೆಫ್ ಸೆಲಿಗ್ಮನ್ ಎಂಬ ಶ್ರೀಮಂತ ಬ್ಯಾಂಕರನ್ನೇ ವಾಪಸು ಕಳಿಸಿತ್ತು. ಅವರಿಗೇ ಹಾಗಾದರೆ ನ್ಯೂಯಾರ್ಕಿನ ಬ್ರಾಂಕ್ಸ್‌ನ ದರ್ಜಿಗೆ ಯಾರು ಜಾಗ ಕೊಡಬೇಕು?

ನಮ್ಮ ಹಿರಿಯರ ತಂದೆ ಅಂಥ ದರ್ಜಿಯೇ. ಮ್ಯಾನ್‌ಹಟನ್‌ನ ಉಡುಪು ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು. ಚಳಿಗಾಲದ ಕೋಟುಗಳ ಕೆಲಸ ಸೆಕೆಗಾಲದಲ್ಲೇ. ಹಾಗಾಗಿ ಹೆಂಡತಿ ಮಕ್ಕಳು ಜೂನ್ ಕೊನೆಯಿಂದ ಸೆಪ್ಟೆಂಬರಿನ ಮೊದಲ ಸೋಮವಾರದವರೆಗೆ ಬೆಟ್ಟದಲ್ಲಿ, ತಂದೆ ಕಾದ ಹೆಂಚಿನಂಥ ನಗರದಲ್ಲಿ. ಶುಕ್ರವಾರ ಸಂಜೆ ಬಂದರೆ ಭಾನುವಾರ ರಾತ್ರಿ ಹೊರಟುಬಿಡುತ್ತಿದ್ದರು. ಆ ಕಾಲೊನಿಗಳ ಅಪ್ಪಂದಿರೆಲ್ಲರ ಪಾಡೂ ಇದೇ.

ಮೊದಲ ಭೇಟಿಯಲ್ಲಿ ಐವತ್ತು ನಿಮಿಷ ನಾನು ಬಾಯಿ ಬಿಡಲಿಲ್ಲ. ಅಷ್ಟು ಸೊಗಸಾಗಿ ಹೇಳಿದರು. ತಟ್ಟೆ, ಪಾತ್ರೆ, ಹಾಸಿಗೆ, ರೇಡಿಯೊ ಎಲ್ಲವನ್ನೂ ಕಾರಿನ ಮೇಲೆ ಹಗ್ಗ ಬಿಗಿದು 17ನೇ ಹೆದ್ದಾರಿಯಲ್ಲಿ ಹೊರಟದ್ದು. ದಾರಿಯಲ್ಲಿ ರೆಡ್ ಆಪಲ್ ರೆಸ್ಟ್‌ನಲ್ಲಿ ಇಳಿದು ಕಾಲು ಝಾಡಿಸಿ ಏನಾದರೂ ತಿಂದದ್ದು. ವರ್ಟ್ಸ್‌ಬರೊ ಏರಿನಲ್ಲಿ ಎಂಜಿನ್ ಕಾದು ಹೊಗೆ ಬಂದಾಗ ಎಲ್ಲರೂ ಇಳಿದು ನಿಂತದ್ದು. ಸ್ಪ್ರಿಂಗ್ ಹಾಕಿದ ಜಾಲರಿ ಬಾಗಿಲು ಪಟಾರನೆ ಬಡಿಯುವ ಸದ್ದು. ಇಡೀ ಕಾಲೊನಿಗೆ ಒಂದೇ ಫೋನು. ಕರೆ ಬಂದರೆ ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಿದ್ದರು, ಯಾರಿಗೆ ಕರೆ ಬಂತೆಂದು ಊರಿಗೆಲ್ಲ ಗೊತ್ತು. ಬ್ಲೂಬೆರಿ ಆಯ್ದು ತಂದು ನಾಲಗೆ ನೀಲಿ ಮಾಡಿಕೊಂಡ ಮಧ್ಯಾಹ್ನಗಳು. ಹೆಂಗಸರು ಆಡುತ್ತಿದ್ದ ಮಾಜಾಂಗ್ ಎಂಬ ಚೀನೀ ಆಟದ ಬಿಲ್ಲೆಗಳ ಟಕಟಕ. ಶನಿವಾರ ರಾತ್ರಿ 'ಕ್ಯಾಸಿನೊ'ದಲ್ಲಿ ಹಾಡು, ಹಾಸ್ಯ. ಕ್ಯಾಸಿನೊ ಎಂದರೆ ಅಲ್ಲಿ ಜೂಜಿನ ಮನೆಯಲ್ಲ, ಎಲ್ಲರೂ ಸೇರುವ ಕೊಟ್ಟಿಗೆಯಂಥ ಸಭಾಂಗಣ. ಮತ್ತೆ ಶುಕ್ರವಾರ: ಸ್ನಾನ ಮಾಡಿ, ತಲೆ ಬಾಚಿಕೊಂಡು, ರಸ್ತೆಬದಿಯ ಬೇಲಿಯ ಮೇಲೆ ಕೂತು ಅಪ್ಪನ ಕಾರಿಗೆ ಕಾಯುವುದು.

ಕೇಳುತ್ತ ಕೇಳುತ್ತ ನಾನು ತೀರ್ಥಹಳ್ಳಿಯ ಕಡೆಯ ಅಜ್ಜಿಮನೆಗೆ ಹೋಗಿಬಿಟ್ಟಿದ್ದೆ. ಹಲಸಿನ ಹಣ್ಣು, ಹೊಳೆ, ರಜೆ. ಇದೇ ಅದು, ನನಗಿದು ಗೊತ್ತು ಅಂದುಕೊಂಡೆ. ಆ ತಪ್ಪಿಗೆ ಎರಡು ಭೇಟಿ ವ್ಯರ್ಥವಾದವು. ಅವರ ನೆನಪಿನ ಜೊತೆ ನನ್ನ ನೆನಪನ್ನೂ ಸವಿಯುತ್ತ ಕೂತವಳಿಗೆ ಅವರು ಏನನ್ನು ಹೇಳುತ್ತಿಲ್ಲ ಎಂಬುದು ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ ಟಿಪ್ಪಣಿ ತಿರುವಿದಾಗ ಕಂಡಿತು. ಕಥೆಗಳೆಲ್ಲ 1950ಕ್ಕೆ ಶುರುವಾಗಿ 1961ಕ್ಕೆ ನಿಲ್ಲುತ್ತಿದ್ದವು. ಹೆಂಡತಿಯನ್ನು ಅವರು ಭೇಟಿಯಾದದ್ದು 1968ರಲ್ಲಿ. ಆಕೆ ಆ ಕಾಲೊನಿಯನ್ನು ಒಮ್ಮೆಯೂ ಕಂಡವರಲ್ಲ. ಮನೆಯಲ್ಲಿ ಯಾವ ಕುರ್ಚಿ ನೋಡಿದರೂ ಆಕೆ ಇಲ್ಲ. ಆಕೆ 'ಇಲ್ಲ' ಎಂದು ಅನ್ನಿಸದ ಜಾಗ ಅವರಿಗೆ ಉಳಿದಿದ್ದುದು ಒಂದೇ, ಆಕೆ ಇನ್ನೂ ಬಂದೇ ಇರದ ಆ ಬೇಸಿಗೆಗಳು.

ಇದನ್ನು ಅವರಿಗೆ ಆಗಲೇ ಹೇಳಲಿಲ್ಲ. ಹೀಗೆ ಅನ್ನಿಸಿದ್ದನ್ನೆಲ್ಲ ಮುಖಕ್ಕೆ ಹೇಳಿಬಿಡುವುದು ಕಿತ್ತುಕೊಂಡ ಹಾಗೆ. ಮಗಳಿಗೆ ಮಾತ್ರ ಎರಡು ಮಾತು ಹೇಳಿದೆ. ಒಂದು, ವೈದ್ಯರ ಹತ್ತಿರ ನೆನಪಿನ ಪರೀಕ್ಷೆ ಮಾಡಿಸಿ. ಊಹೆಯ ಮೇಲೆ ಸಲಹೆ ಕೊಡುವವಳಲ್ಲ ನಾನು. ಪರೀಕ್ಷೆಯಲ್ಲಿ ಏನೂ ಕಂಡುಬರಲಿಲ್ಲ. ಇನ್ನೊಂದು, ಹಳೆಯದನ್ನು ಮಾತಾಡುವುದೇ ರೋಗವಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯವಿದ್ಯಾರ್ಥಿ ಯೋಹಾನೆಸ್ ಹೋಫರ್ 'ನಾಸ್ಟಾಲ್ಜಿಯಾ' (ಬಿಟ್ಟುಬಂದದ್ದರ ಹಂಬಲ) ಎಂಬ ಪದ ಕಟ್ಟಿದಾಗ ಅದು ಕಾಯಿಲೆಯ ಹೆಸರೇ ಆಗಿತ್ತು, ನಿಜ. ಆದರೆ 1963ರಲ್ಲಿ ಮನೋವೈದ್ಯ ರಾಬರ್ಟ್ ಬಟ್ಲರ್, ಮುಪ್ಪಿನಲ್ಲಿ ಬದುಕನ್ನು ತಿರುಗಿ ನೋಡುವುದು ಮನಸ್ಸು ಮಾಡಲೇಬೇಕಾದ ಕೆಲಸ ಎಂದು ಬರೆದರು. ನಾವು ಹಿರಿಯರ ಜೊತೆ ಕೆಲಸ ಮಾಡುವವರು ಇವತ್ತಿಗೂ ಆ ದಾರಿಯಲ್ಲೇ ನಡೆಯುತ್ತಿದ್ದೇವೆ. ನೋಡಬೇಕಾದದ್ದು ಕಥೆ ಚಲಿಸುತ್ತಿದೆಯೇ ಎಂಬುದನ್ನು. ಈ ತಂದೆಯ ಕಥೆ ಚಲಿಸುತ್ತಿರಲಿಲ್ಲ. ಅದೇ ವಾಕ್ಯ, ಅದೇ ನಗು, ಅದೇ ಜಾಗದಲ್ಲಿ ನಿಲುಗಡೆ.

ನಡುವೆ ಅವರೊಬ್ಬರೇ ಕಾರು ಓಡಿಸಿಕೊಂಡು ಹಳೆಯ ಕಾಲೊನಿ ನೋಡಲು ಹೋಗಿ ಬಂದರು. ನಗರದ ಮನೆಗಳಿಗೆ ಏರ್ ಕಂಡಿಷನರ್ ಬಂದು, ವಿಮಾನದ ಟಿಕೆಟ್ ಅಗ್ಗವಾಗಿ, ಜನ ಉಪನಗರಗಳಿಗೆ ಹೋಗಿ ನೆಲೆಸಿದ ಮೇಲೆ ಆ ಕಾಲೊನಿಗಳು ಒಂದೊಂದಾಗಿ ಖಾಲಿಯಾದವು. ದೊಡ್ಡ ಹೋಟೆಲುಗಳೂ ಉಳಿಯಲಿಲ್ಲ; ಗ್ರಾಸಿಂಗರ್ಸ್ 1986ರಲ್ಲಿ, ಕಾಂಕರ್ಡ್ 1998ರಲ್ಲಿ ಬಾಗಿಲು ಹಾಕಿದವು. ಆದರೆ ಎಷ್ಟೋ ಬಂಗಲೋಗಳನ್ನು ಹಸೀದಿ ಎಂಬ ಕಟ್ಟಾ ಯಹೂದಿ ಸಂಪ್ರದಾಯದ ಕುಟುಂಬಗಳು ಕೊಂಡುಕೊಂಡಿವೆ. ಇವರ ಕಾಲೊನಿಯಲ್ಲೂ ಅವರೇ ಇದ್ದರು. ಹೆಂಗಸರು ಮಕ್ಕಳು ಅಲ್ಲಿ, ಗಂಡಸರು ವಾರವಿಡೀ ನಗರದಲ್ಲಿ. "ಆದರದಿಂದಲೇ ಮಾತಾಡಿಸಿದರು, ನೀರು ಕೊಟ್ಟರು. ಬೇಲಿಯ ಮೇಲೆ ಬೇರೆ ಯಾರೋ ಹುಡುಗ ಕೂತಿದ್ದ," ಎಂದು ಸುಮ್ಮನಾದರು. ಅವರು ಮಾತಿನ ನಡುವೆ ಹಾಗೆ ನಿಂತದ್ದು ಅದೇ ಮೊದಲು.

ಆಗ ಅಕ್ಕನ ಬಗ್ಗೆ ಕೇಳಿದೆ. ಏಳು ವರ್ಷ ದೊಡ್ಡವರು, ಫ್ಲಾರಿಡಾದಲ್ಲಿದ್ದಾರೆ. ಆ ಕಾಲೊನಿ ಕಂಡವರಲ್ಲಿ ಬದುಕಿರುವ ಇನ್ನೊಬ್ಬರು ಅವರೊಬ್ಬರೇ.

"ಅವಳಿಗೆ ಏನೂ ನೆನಪಿಲ್ಲ. ಆ ಜಾಗ ಅವಳಿಗೆ ಇಷ್ಟವೇ ಇರಲಿಲ್ಲ," ಅಂದರು.

ಇಷ್ಟವಿರಲಿಲ್ಲ ಎನ್ನಲು ನೆನಪಿರಲೇಬೇಕಲ್ಲ. ನಾನು ಕೊಟ್ಟ ಕೆಲಸ ಇಷ್ಟು: ಈ ವಾರ ಅಕ್ಕನಿಗೆ ಫೋನ್ ಮಾಡಿ. ನಿಮ್ಮ ಕಥೆ ಹೇಳಬೇಡಿ. ನಾವು ಅಲ್ಲಿಗೆ ಹೋಗಲು ಶುರು ಮಾಡಿದ್ದು ಯಾಕೆ, ನಾನು ಆಡುವಾಗ ನೀನು ಎಲ್ಲಿರುತ್ತಿದ್ದೆ, ಎಂದು ಕೇಳಿ. ಅವರು ಏನೇ ಹೇಳಿದರೂ ತಿದ್ದಬೇಡಿ.

ಮುಂದಿನ ವಾರ ಬಂದವರು ಕೋಟು ಬಿಚ್ಚದೆ ಕೂತರು. ಅಕ್ಕ ಎರಡು ಗಂಟೆ ಮಾತಾಡಿದ್ದರಂತೆ. 1949ರಲ್ಲಿ ಅವರ ಕಟ್ಟಡದ ಕೆಳಮನೆಯ ಹುಡುಗನಿಗೆ ಪೋಲಿಯೊ ತಗುಲಿತು. ಬೇಸಿಗೆ ಎಂದರೆ ನಗರದ ತಾಯಂದಿರು ನಡುಗುತ್ತಿದ್ದ ಕಾಲ. ಮುಂದೆ 1952ರಲ್ಲಂತೂ ಅಮೆರಿಕದಲ್ಲಿ ಸುಮಾರು 58,000 ಜನರಿಗೆ ಪೋಲಿಯೊ ಬಂತು. ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಸಾಲ ಮಾಡಿಯಾದರೂ ಮಕ್ಕಳನ್ನು ಬೆಟ್ಟಕ್ಕೆ ಸಾಗಿಸಬೇಕೆಂದು ತಾಯಿ ಹಟ ಹಿಡಿದರು. ಮೊದಲ ಎರಡು ವರ್ಷ ಬಂಗಲೋ ಅಲ್ಲ, ಕುಖಾಲೇನ್. ಒಂದೇ ಅಡುಗೆಮನೆಯಲ್ಲಿ ಒಲೆಗೆ ಜಗಳ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಜಾಗಕ್ಕೆ ಜಗಳ. ತಾಯಿಗೆ ಈಜು ಬಾರದು, ಕೆರೆಯೆಂದರೆ ಪ್ರಾಣಭಯ. ಹಾಗಾಗಿ ತಮ್ಮನನ್ನು ಕಾಯುವ ಕೆಲಸ ಹನ್ನೊಂದರ ಹುಡುಗಿಗೆ ಬಿತ್ತು.

ಅಕ್ಕ ಅಂದಿದ್ದನ್ನು ಅವರು ಕಾಗದದಲ್ಲಿ ಬರೆದುಕೊಂಡು ಬಂದಿದ್ದರು. ಓದಿದರು: "ನಿನಗೆ ಕೆರೆ ನೆನಪಿದೆ. ನನಗೆ ನಿನ್ನ ತಲೆ ನೆನಪಿದೆ. ಆರು ಬೇಸಿಗೆ ನಾನು ನೀರಿನ ಮೇಲೆ ನಿನ್ನ ತಲೆ ಕಾಣುತ್ತಿದೆಯಾ ಅಂತ ನೋಡುತ್ತ ದಡದಲ್ಲಿ ನಿಂತಿದ್ದೆ."

ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ನಾನು ಏನನ್ನೂ ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ನಾನೂ ಹಾಗೇ ನೋಡುತ್ತ ಕೂತಿದ್ದೆ," ಅಂದರು. ಕೆರೆಯನ್ನಲ್ಲ. ಹೆಂಡತಿಯ ಕೊನೆಯ ನಾಲ್ಕು ತಿಂಗಳು ರಾತ್ರಿಯೆಲ್ಲ ದೀಪ ಸಣ್ಣ ಮಾಡಿ ಹೊದಿಕೆ ಏರುತ್ತಿದೆಯಾ ಇಳಿಯುತ್ತಿದೆಯಾ ಎಂದು ನೋಡುತ್ತ ಕೂತಿದ್ದರು. ಒಂದು ಬೆಳಗಿನ ಜಾವ ಕಣ್ಣು ಹತ್ತಿತು. ಎಚ್ಚರವಾದಾಗ ಹೊದಿಕೆ ಅಲುಗುತ್ತಿರಲಿಲ್ಲ. ಅಕ್ಕ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ, ನಾನು ಮುಚ್ಚಿಬಿಟ್ಟೆ, ಅಂದರು. ಸಾವಿನ ನಂತರ ಯಹೂದಿಗಳು ಆಚರಿಸುವ 'ಶಿವಾ' ಎಂಬ ಶೋಕದ ಏಳು ದಿನವೂ ಈ ಮಾತನ್ನು ಮಕ್ಕಳಿಗೆ ಹೇಳಿರಲಿಲ್ಲ.

ಅಲ್ಲಿಂದ ನಮ್ಮ ಕೆಲಸ ನಿಜವಾಗಿ ಶುರುವಾಯಿತು. ಆರು ಭೇಟಿಗಳ ತುಂಬ ಮಾತಾಡಿದ್ದು ಆ ಬೆಳಗಿನ ಜಾವದ ಬಗ್ಗೆಯೇ. ಆ ಭಾಗವನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು.

ಮಕ್ಕಳಿಗೆ ಕೊಟ್ಟ ಸಲಹೆಯನ್ನು ಮಾತ್ರ ಹೇಳುತ್ತೇನೆ, ಇದೇ ಸ್ಥಿತಿಯಲ್ಲಿರುವ ಮನೆಗಳು ನಮ್ಮಲ್ಲೂ ಇವೆ. 'ಇದನ್ನು ನೂರು ಸಲ ಹೇಳಿದ್ದೀರಿ' ಎಂದು ಬಾಯಿ ಮುಚ್ಚಿಸಬೇಡಿ. ಸುಮ್ಮನೆ ತಲೆಯಾಡಿಸುತ್ತಲೂ ಕೂರಬೇಡಿ. ಕಥೆಯಲ್ಲಿ ಇಲ್ಲದ ವ್ಯಕ್ತಿಯ ಬಗ್ಗೆ ಕೇಳಿ. ಆ ಮಧ್ಯಾಹ್ನ ಅಡುಗೆ ಮಾಡಿದವರು ಯಾರು, ಪಾತ್ರೆ ತೊಳೆದವರು ಯಾರು? ಕೇಳಿದ ಕೂಡಲೇ ಸವಕಲಾದ ಕಥೆ ಮಿಸುಕಾಡುತ್ತದೆ. ಮನೆಯಲ್ಲಿ ಸಾವಾದ ಮೇಲೆ ಒಂದು ವರ್ಷದವರೆಗೆ ಆಸ್ತಿ ಕೊಳ್ಳುವ, ಮಾರುವ ನಿರ್ಧಾರ ಮುಂದೂಡುವುದು ಒಳ್ಳೆಯದು. ಆದರೆ 'ಬೇಡ' ಎನ್ನಬೇಡಿ, 'ಮುಂದಿನ ವರ್ಷ ನೋಡೋಣ' ಅನ್ನಿ. ತಾಯಿಯ ಹೆಸರನ್ನು ಮನೆಯಲ್ಲಿ ನೀವೇ ಮೊದಲು ಎತ್ತಿ. ತಂದೆಗೆ ನೋವಾದೀತೆಂದು ಮಕ್ಕಳು, ಮಕ್ಕಳಿಗೆ ನೋವಾದೀತೆಂದು ತಂದೆ, ಹೀಗೆ ಆ ಮನೆಯಲ್ಲಿ ಏಳು ತಿಂಗಳು ಆಕೆಯ ಹೆಸರೇ ಕೇಳಿರಲಿಲ್ಲ. ಮಗನಿಗೆ ಈ ಕೊನೆಯ ಸಲಹೆ ಇನ್ನೂ ಕಷ್ಟ. ತಾಯಿಯ ಮಾತು ಬಂದರೆ ಎದ್ದು ಹೋಗುತ್ತಾನೆ. ಅವನನ್ನು ಯಾರೂ ಒತ್ತಾಯಿಸುತ್ತಿಲ್ಲ.

ಬಂಗಲೋ ಕೊಳ್ಳಲಿಲ್ಲ. ಮುಂದಿನ ಆಗಸ್ಟಿನಲ್ಲಿ ಎರಡು ವಾರಕ್ಕೆ ಒಂದನ್ನು ಬಾಡಿಗೆಗೆ ಹಿಡಿದರು. ಮಗಳು ಶುಕ್ರವಾರ ಕೆಲಸ ಮುಗಿಸಿ ಹೊರಟು ಏಳೂವರೆಗೆ ತಲುಪಿದಳು. ತಂದೆ ರಸ್ತೆಬದಿಯಲ್ಲಿ ಕುರ್ಚಿ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರಂತೆ. ರಾತ್ರಿ ಜಗಲಿಯಲ್ಲಿ ಸೊಳ್ಳೆ ಹೊಡೆಯುತ್ತ ಅವರು ಅಂದ ಮಾತನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು: "ನಿಮ್ಮಮ್ಮ ಇದ್ದಿದ್ದರೆ ಇಲ್ಲಿ ಒಂದು ರಾತ್ರಿಯೂ ಇರುತ್ತಿರಲಿಲ್ಲ. ಏಳಿ, ಮನೆಗೆ ಹೋಗೋಣ ಅನ್ನುತ್ತಿದ್ದಳು."