ಕುದುರೆ ದಳದ ಹೆಸರು ಸಿಗ್ನಲ್ಸ್‌ಗೆ ಬಂದದ್ದು ಹೀಗೆ

ಸರ್, ಬ್ರಿಟನ್ನಿನ 'ಮಿಡಲ್‌ಸೆಕ್ಸ್ ಯೋಮನ್ರಿ' ಅಶ್ವದಳವೋ ಸಿಗ್ನಲ್ಸೋ (ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ದಳ) ಎಂದು ಕೇಳಿದ್ದೀರಿ. ಎರಡೂ ಹೌದು. 1830ರಲ್ಲಿ ಅಕ್ಸ್‌ಬ್ರಿಜ್‌ನಲ್ಲಿ ಹುಟ್ಟಿದ ಅರೆಕಾಲಿಕ ಕುದುರೆ ದಳ ಅದು; ಇಂಥ ದಳಗಳಿಗೆ 'ಯೋಮನ್ರಿ' ಎಂದು ಹೆಸರು. ಮೊದಲ ಮಹಾಯುದ್ಧದ ನಂತರ ಹಿರಿತನದ ಪಟ್ಟಿಯಲ್ಲಿ ಮೇಲಿದ್ದ 14 ಯೋಮನ್ರಿ ರೆಜಿಮೆಂಟುಗಳಿಗೆ ಮಾತ್ರ ಕುದುರೆ ಉಳಿಯಿತು. ಉಳಿದವುಗಳಲ್ಲಿ ಹೆಚ್ಚಿನವು ಫಿರಂಗಿ ದಳಗಳಾದವು. ಇದೊಂದೇ 1920ರಲ್ಲಿ ಸಿಗ್ನಲ್ಸ್‌ಗೆ ಹೋಯಿತು.

ದಾಖಲೆ ಹುಡುಕುವವರು ಎಡವುವುದು ಎರಡನೇ ಮಹಾಯುದ್ಧದ ಕಾಲಕ್ಕೆ ಬಂದಾಗ. 'ಮಿಡಲ್‌ಸೆಕ್ಸ್' ಎಂದಷ್ಟೇ ಹುಡುಕಬೇಡಿ. ಸಿಗ್ನಲ್ಸ್ ಘಟಕದ ಯುದ್ಧ ದಿನಚರಿ ಅದು ಸೇವೆ ಮಾಡಿದ ಡಿವಿಷನ್ನಿನ ಹೆಸರಲ್ಲಿರುತ್ತದೆ. ಈ ಘಟಕ ಸೇವೆ ಮಾಡಿದ, ಪ್ಯಾಲೆಸ್ಟೈನ್‌ಗೆ ಹೋದ 1ನೇ ಕ್ಯಾವಲ್ರಿ (ಅಶ್ವದಳ) ಡಿವಿಷನ್ 1941ರ ಆಗಸ್ಟ್‌ನಲ್ಲಿ 10ನೇ ಆರ್ಮರ್ಡ್ (ಟ್ಯಾಂಕ್ ದಳ) ಡಿವಿಷನ್ ಆಯಿತು, ಹಾಗಾಗಿ ಎರಡೂ ಹೆಸರುಗಳಲ್ಲಿ ನೋಡಿ. 1967ರ ನಂತರದ ದಾಖಲೆಯಾದರೆ 47ನೇ ಸಿಗ್ನಲ್ ಸ್ಕ್ವಾಡ್ರನ್ ಎಂಬ ಹೆಸರಲ್ಲಿ ಹುಡುಕಿ.