ಸಭೆ ಕರೆದು ವಿಷಯ ತಿಳಿಸಿದರೆ ಸಮಾಲೋಚನೆ ಮುಗಿಯಿತಾ?

ಪ್ರಶ್ನೆ: ನಾನು ಕ್ಯಾಲ್ಗರಿಗೆ ಬಂದು ಮೂರು ವರ್ಷವಾಯಿತು. ಪೈಪ್‌ಲೈನ್ ಕಂಪನಿಯೊಂದರಲ್ಲಿ ಎಂಜಿನಿಯರ್. ಇಲ್ಲಿ ಮೀಟಿಂಗ್ ಶುರುವಾಗುವ ಮುಂಚೆ 'ಇದು ಟ್ರೀಟಿ 7ರ ನೆಲ', ಅಂದರೆ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಹಳೇ ಒಪ್ಪಂದದ ನೆಲ, ಎಂದು ಓದುತ್ತಾರೆ. ಇತ್ತೀಚೆಗೆ ಒಂದು ಯೋಜನೆಗಾಗಿ ಸಾರ್ವಜನಿಕ ಸಭೆ ಕರೆದು, ನಕ್ಷೆ ತೋರಿಸಿ, ಎಲ್ಲರಿಗೂ ಮಾಹಿತಿ ಹಂಚಿದೆವು. ಆದರೂ ಅಲ್ಲಿನ ಫಸ್ಟ್ ನೇಷನ್ (ಮೂಲನಿವಾಸಿ ಸಮುದಾಯ) ಜನ 'ಸರ್ಕಾರ ನಮ್ಮ ಜೊತೆ ಮಾತಾಡಿಯೇ ಇಲ್ಲ' ಎನ್ನುತ್ತಿದ್ದಾರೆ. ನೂರೈವತ್ತು ವರ್ಷದ ಹಳೇ ಕಾಗದಕ್ಕೆ ಈಗಲೂ ಇಷ್ಟು ಬೆಲೆ ಇದೆಯಾ?
– ಒಬ್ಬ ಕನ್ನಡಿಗ, ಕ್ಯಾಲ್ಗರಿ

ಉತ್ತರ: ಇದೆ. ಮೊದಲು ಆ ಹಳೇ ಕಾಗದದ ಬಗ್ಗೆಯೇ ಹೇಳುತ್ತೇನೆ. 1877ರ ಸೆಪ್ಟೆಂಬರ್‌ನಲ್ಲಿ ಬೋ ನದಿಯ ದಂಡೆಯ ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ ಈ ಒಪ್ಪಂದವಾಯಿತು. ಒಂದು ಕಡೆ ಬ್ರಿಟನ್ ರಾಣಿಯ ಪ್ರತಿನಿಧಿಗಳು. ಇನ್ನೊಂದು ಕಡೆ ಸಿಕ್ಸಿಕಾ, ಕೈನಾಯ್, ಪಿಕಾನಿ, ಸ್ಟೋನಿ ನಕೋಡಾ, ಸುಟಿನಾ ಜನರ ಮುಖಂಡರು. ಬೇಟೆಯ ಹಕ್ಕು ಉಳಿಯುತ್ತದೆ ಎಂದರು. ತಲೆಗೆ ವರ್ಷಕ್ಕೆ 5 ಡಾಲರ್ ಕೊಡುತ್ತೇವೆ ಎಂದರು. ಇವತ್ತಿಗೂ ಕೊಡುವುದು ಅದೇ 5 ಡಾಲರ್! ಕಾಗದದಲ್ಲಿ ನೆಲ ಬಿಟ್ಟುಕೊಟ್ಟಂತೆ ಬರೆದಿದೆ. ನಾವು ಒಪ್ಪಿದ್ದು ಹಂಚಿಕೊಂಡು ಬಾಳುವುದಕ್ಕೆ ಎಂದು ಅವರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ನಿಮ್ಮ ಆಫೀಸು ನಿಂತಿರುವುದು ಅದೇ ನೆಲದಲ್ಲಿ.

1982ರಲ್ಲಿ ಕೆನಡಾ ಇಂಥ ಒಪ್ಪಂದಗಳ ಹಕ್ಕುಗಳನ್ನು ಸಂವಿಧಾನದ 35ನೇ ಸೆಕ್ಷನ್‌ಗೆ ಸೇರಿಸಿತು. ಆಮೇಲೆ ಹೈಡಾ ಎಂಬ ಮೂಲನಿವಾಸಿ ಜನರ ಕೇಸಿನ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತನ್ನು ಖಚಿತಪಡಿಸಿತು. ತನ್ನ ನಿರ್ಧಾರದಿಂದ ಮೂಲನಿವಾಸಿಗಳ ಹಕ್ಕಿಗೆ ಧಕ್ಕೆಯಾಗಬಹುದು ಎಂದು ಗೊತ್ತಿದ್ದರೆ, ಸರ್ಕಾರ ಮೊದಲು ಅವರ ಜೊತೆ ಸಮಾಲೋಚಿಸಲೇಬೇಕು. ಹೊಣೆ ಸರ್ಕಾರದ್ದು. ಸಭೆ ನಡೆಸುವುದು, ಮಾಹಿತಿ ಕೊಡುವುದು ಇಂಥ ಕೆಲಸವನ್ನು ಕಂಪನಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು.

ಈಗ ನಿಮ್ಮ ಸಭೆಯ ವಿಷಯ. ಇದಕ್ಕೆ ತುಂಬ ಹತ್ತಿರದ ಕೇಸು ನಿಮ್ಮ ಆಲ್ಬರ್ಟಾದಲ್ಲೇ ಇದೆ. ಉತ್ತರದ ವುಡ್ ಬಫೆಲೋ ರಾಷ್ಟ್ರೀಯ ಉದ್ಯಾನದಲ್ಲಿ 118 ಕಿ.ಮೀ. ಉದ್ದದ ಚಳಿಗಾಲದ ರಸ್ತೆ ಮಾಡಲು ಸರ್ಕಾರ ಹೊರಟಿತ್ತು. ಅದು ಮಿಕಿಸ್ಯೂ ಕ್ರೀ ಜನ ಬೇಟೆಯಾಡುವ, ಉರುಳು ಹಾಕುವ ಜಾಗ. ಅವರಿಗೆ ಸಿಕ್ಕಿದ್ದು ಊರವರಿಗೆಲ್ಲ ಹಂಚಿದ ಮಾಹಿತಿಯೇ. ತಕರಾರು ಎದ್ದ ಮೇಲೆ ರಸ್ತೆಯನ್ನು ಅವರ ಮೀಸಲು ನೆಲದ ಗಡಿಗುಂಟ ಸರಿಸಿದರು, ಅದನ್ನೂ ಅವರನ್ನು ಕೇಳದೆ! ಸರ್ಕಾರದ ವಾದ ಏನು ಗೊತ್ತಾ? 1899ರ ಟ್ರೀಟಿ 8ರಲ್ಲಿ 'ಬೇಕಾದಾಗ ನೆಲ ತೆಗೆದುಕೊಳ್ಳಬಹುದು' ಎಂದಿದೆ, ಅಂದೇ ಮಾತುಕತೆ ಮುಗಿದಿದೆ ಎಂದು. ಅದೇ ಒಪ್ಪಂದ ಮಾಡಿಸಿದ ಅಧಿಕಾರಿಗಳು ಮಾತ್ರ 'ಒಪ್ಪಂದದ ನಂತರವೂ ನೀವು ಮೊದಲಿನಷ್ಟೇ ಸ್ವತಂತ್ರವಾಗಿ ಬೇಟೆಯಾಡಬಹುದು' ಎಂದು ಭರವಸೆ ಕೊಟ್ಟಿದ್ದರು. ತಮ್ಮ ವರದಿಯಲ್ಲೂ ಅದನ್ನು ಬರೆದಿಟ್ಟಿದ್ದಾರೆ. 2005ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನು ಒಪ್ಪಲಿಲ್ಲ. ನೆಲ ತೆಗೆದುಕೊಳ್ಳುವ ಅಧಿಕಾರವಿದ್ದರೂ ಒಪ್ಪಂದದವರನ್ನು ನೇರವಾಗಿ ಕಂಡು, ಅವರ ಆತಂಕ ಕೇಳಿ, ಹಾನಿ ಕಡಿಮೆ ಮಾಡುವ ಪ್ರಯತ್ನ ಮಾಡಬೇಕು ಎಂದಿತು. ಸಾರ್ವಜನಿಕ ಸಭೆ ಅದಕ್ಕೆ ಬದಲಿ ಅಲ್ಲ.

ಇನ್ನೊಂದು ಕೇಸು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಕೆನಡಾದ ತುತ್ತತುದಿಯ ಉತ್ತರದ ನುನಾವುಟ್‌ನಲ್ಲಿ ಕ್ಲೈಡ್ ರಿವರ್ ಒಂದು ಪುಟ್ಟ ಊರು, ಅಲ್ಲಿರುವವರು ಇನುಯಿಟ್ ಎಂಬ ಮೂಲನಿವಾಸಿಗಳು. 1993ರ ಭೂ ಒಪ್ಪಂದ ಅಲ್ಲಿನವರಿಗೆ ಕಡಲ ಪ್ರಾಣಿಗಳ ಬೇಟೆಯ ಹಕ್ಕು ಕೊಟ್ಟಿದೆ. ಆ ಕಡಲಿನಲ್ಲಿ ಜೋರು ಸದ್ದು ಸಿಡಿಸಿ ತೈಲ ಹುಡುಕುವ ಸೀಸ್ಮಿಕ್ ಸರ್ವೆಗೆ ಕಂಪನಿಗಳು ಬಂದವು. ಆ ಸದ್ದಿಗೆ ತಿಮಿಂಗಿಲಗಳು ಏನಾಗುತ್ತವೆ ಎಂದು ಜನ ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ. ಆಮೇಲೆ ಬಂದದ್ದು 3,926 ಪುಟದ ಕಡತ! ಅದನ್ನು ಡೌನ್‌ಲೋಡ್ ಮಾಡಲೂ ಆಗದಷ್ಟು ನಿಧಾನದ ಇಂಟರ್‌ನೆಟ್. ಅವರ ಇನುಕ್ಟಿಟುಟ್ ಭಾಷೆಗೆ ಅನುವಾದವಾಗಿದ್ದು ಅದರಲ್ಲಿ ಸ್ವಲ್ಪವೇ ಭಾಗ. 2017ರಲ್ಲಿ ಸುಪ್ರೀಂ ಕೋರ್ಟ್ ಅನುಮತಿಯನ್ನೇ ರದ್ದು ಮಾಡಿತು. ಓದಲಾಗದ ಉತ್ತರ ಕೊಟ್ಟರೆ ಅದು ಉತ್ತರವೇ ಅಲ್ಲ, ಅಲ್ವಾ?

ಹಾಗಾಗಿ ಆ ಜನರ ದೂರನ್ನು ಹಗುರವಾಗಿ ನೋಡಬೇಡಿ. ಅವರು ಏನು ಕೇಳಿದರು, ಅದರಿಂದ ನಿಮ್ಮ ನಕ್ಷೆಯಲ್ಲಿ ಏನು ಬದಲಾಯಿತು, ಇವೆರಡನ್ನೂ ಬರೆದಿಡಿ. ಏನೂ ಬದಲಾಗದಿದ್ದರೆ ಯಾಕೆ ಎಂದು ಅವರಿಗೆ ಕಾರಣ ಹೇಳಬೇಕು. ಸರ್ಕಾರದ ಕಡೆಯಿಂದ ಯಾರು ಅವರ ಜೊತೆ ಕೂತಿದ್ದಾರೆ ಎಂದು ನಿಮ್ಮ ಮೇಲಿನವರನ್ನು ಕೇಳಿ. ಯಾರೂ ಕೂತಿಲ್ಲದಿದ್ದರೆ ಈಗಲೇ ಎಚ್ಚರಿಸುವುದು ನಿಮ್ಮ ಯೋಜನೆಗೂ ಒಳ್ಳೆಯದು.

ಪ್ರಶ್ನೆ: ಹಾಗಾದರೆ ಅವರು 'ಬೇಡ' ಎಂದರೆ ಯೋಜನೆ ನಿಲ್ಲುತ್ತದಾ? ನಮ್ಮ ದೇಶದಲ್ಲಿ ಇಂಥದ್ದು ಇದೆಯಾ?
– ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೆನಡಾದಲ್ಲಿ ಸಮಾಲೋಚನೆ ಎಂದರೆ ವೀಟೋ ಅಲ್ಲ. ಹೈಡಾ ತೀರ್ಪೇ ಹಾಗೆ ಹೇಳಿದೆ. ಆಲ್ಬರ್ಟಾದಿಂದ ಪಶ್ಚಿಮ ಕರಾವಳಿಗೆ ತೈಲ ಸಾಗಿಸುವ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ ನೋಡಿ. ಸರ್ಕಾರದ ತಂಡ ಜನ ಹೇಳಿದ್ದನ್ನು ಸುಮ್ನೆ ಬರೆದುಕೊಂಡು ಹೋಯಿತೇ ಹೊರತು ಅರ್ಥಪೂರ್ಣ ಮಾತುಕತೆ ನಡೆಸಲಿಲ್ಲ ಎಂದು 2018ರಲ್ಲಿ ಕೋರ್ಟು ಅನುಮತಿ ರದ್ದು ಮಾಡಿತು. ಮತ್ತೆ ಸಮಾಲೋಚನೆ ಮಾಡಿ 2019ರಲ್ಲಿ ಪುನಃ ಅನುಮತಿ ಕೊಟ್ಟರು. ಕೆಲವು ಫಸ್ಟ್ ನೇಷನ್‌ಗಳ ವಿರೋಧವಿದ್ದರೂ 2020ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಒಂದೊಂದೇ ಬಾವಿ, ಒಂದೊಂದೇ ರಸ್ತೆ ಎಂದು ಅನುಮತಿ ಕೊಡುತ್ತಾ ಹೋದರೆ ಕೊನೆಗೆ ಬೇಟೆಗೆ ಕಾಡೇ ಉಳಿಯುವುದಿಲ್ಲ. ಬ್ಲೂಬೆರಿ ರಿವರ್ ಎಂಬ ಫಸ್ಟ್ ನೇಷನ್‌ನ ಜನ 2021ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರದ ವಿರುದ್ಧ ಗೆದ್ದದ್ದು ಇದೇ ಮಾತಿನ ಮೇಲೆ. ಒಟ್ಟು ಹಾನಿಯೇ ಒಪ್ಪಂದ ಮುರಿದಿದೆ ಎಂದು ಕೋರ್ಟು ಒಪ್ಪಿತು.

ನಮ್ಮಲ್ಲಿ ಇಂಥ ಒಪ್ಪಂದಗಳಿಲ್ಲ. ನಮ್ಮ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ ಮತ್ತು ಗ್ರಾಮಸಭೆ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ವಿಷಯವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಸಭೆಗಳೂ 'ಬೇಡ' ಎಂದವು. ನಿಮಗೆ ಹತ್ತಿರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಇದೇ ಕಾಯ್ದೆಯಡಿ ಸಾಮುದಾಯಿಕ ಹಕ್ಕು ಸಿಕ್ಕಿತು. ತೀರ್ಪು ಓದುವುದರ ಜೊತೆಗೆ ಒಮ್ಮೆ ಅಲ್ಲಿನ ಪೋಡುಗಳಿಗೆ (ಸೋಲಿಗರ ಹಾಡಿಗಳಿಗೆ) ಹೋಗಿ, ಹಕ್ಕುಪತ್ರ ಬಂದ ಮೇಲೆ ಏನು ಬದಲಾಯಿತು ಎಂದು ಅವರನ್ನೇ ಕೇಳಿ.